ಅಕ್ಕನ ಕೊನೆಯ ವಿಮರ್ಶೆಯೂ ಒಂದು ಚಹಾ ಪಾತ್ರೆಯ ತಿದ್ದುಪಡಿಯೂ

ಆರು ಸಾಲಿನ ಒಂದು ಪುಸ್ತಕ ವಿಮರ್ಶೆಗೆ ನನಗೆ ಏನೇನು ಖರ್ಚಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಟ್ಯಾಬ್ ಕೊಂಡೆ, ತಿಂಗಳೊಳಗೆ ಅರ್ಧ ಬೆಲೆಗೆ ಮಾರಿದೆ. ಒಂದು ಮಳೆಗಾಲದ ಭಾನುವಾರಗಳ ವ್ಯಾಪಾರ ಹೋಯಿತು. ನಾನು ಅಂಗಡಿ ಇಟ್ಟಿರುವುದು ಸನತ್‌ನಗರದಲ್ಲಿ. ಫ್ಯಾಕ್ಟರಿಗಳಿಗೆ ರಜೆ ಇರುವ ಭಾನುವಾರವೇ ನಮಗೆ ಹಬ್ಬ. ಮಿಕ್ಸರ್ ಕಂಪನಿಯೊಂದು ಪುಕ್ಕಟೆ ಮಿಕ್ಸರ್ ಕೊಟ್ಟು ಬರೆಸಿಕೊಳ್ಳಲು ಬಂದಿತ್ತು, ಅದನ್ನೂ ಬಿಟ್ಟೆ. ಭಾವ ನನ್ನೊಂದಿಗೆ ಕೆಲವು ದಿನ ಮಾತು ಬಿಟ್ಟರು. ನಷ್ಟದ ವ್ಯವಹಾರಕ್ಕೆ ಕೈ ಹಾಕುವ ಹೆಂಗಸು ನಾನಲ್ಲ. ಬುಟ್ಟಿಯಲ್ಲಿ ಸ್ಟೀಲ್ ಡಬ್ಬಿ ಹೊತ್ತು ಮನೆಮನೆಗೆ ಮಾರಿ, ಆಮೇಲೆ ಶಟರಿನ ಅಂಗಡಿ ಹಿಡಿದವಳು. ಆದರೂ ಇಷ್ಟೆಲ್ಲ ಕೊಟ್ಟೆ. ಯಾಕೆಂದರೆ ಆ ಆರು ಸಾಲು ನನ್ನವಲ್ಲ, ನನ್ನ ಅಕ್ಕನವು. ಲಕ್ವಾ ಹೊಡೆದು ಅವಳ ಮಾತು ಹೋದ ಮೇಲೆ ಒಂದೊಂದೇ ಪದವಾಗಿ ಹೊರಗೆ ಬಂದವು.

ನಮ್ಮ ಬ್ಲಾಗ್ ಓದುವವರಿಗೆ ಅದು ಇಬ್ಬರದೆಂದು ಗೊತ್ತು. ಪುಸ್ತಕ ಮತ್ತು ಸಿನಿಮಾ ಅಕ್ಕನ ಪಾಲು; ಕುಕ್ಕರು, ಬಕೆಟ್ಟು, ಫಿನಾಯಿಲು ನನ್ನ ಪಾಲು. ಭಾನುವಾರ ಮಧ್ಯಾಹ್ನ ಅಂಗಡಿ ಶಟರು ಅರ್ಧ ಇಳಿಸಿದ ಮೇಲೆ ಅಕ್ಕ ನಮ್ಮ ಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತು, ಮೆಂತ್ಯೆ ಸೋಸುತ್ತ ಹೇಳುತ್ತಿದ್ದಳು. ನಾನು ಮೊಬೈಲಿನಲ್ಲಿ ಒತ್ತುತ್ತಿದ್ದೆ. ಅವಳು ಪುಸ್ತಕಕ್ಕೆ ನಕ್ಷತ್ರ ಕೊಡುತ್ತಿರಲಿಲ್ಲ. ಓದುವಾಗ ಪಕ್ಕಕ್ಕಿಟ್ಟು ಮರೆತ ಚಹಾ ಎಷ್ಟು ಸಲ ಆರಿತು ಎಂಬುದೇ ಅವಳ ಲೆಕ್ಕ. 'ಎರಡು ಚಾ ಆರಿದವು' ಎಂದರೆ ಪುಸ್ತಕ ಒಳ್ಳೆಯದು. 'ಚಾ ಬಿಸಿ ಬಿಸಿ ಕುಡದೆ' ಎಂದರೆ ಲೇಖಕರ ಕಥೆ ಮುಗಿಯಿತು.

ಸಾಮಾನಿನ ಪರೀಕ್ಷೆಯೂ ಅವಳ ಅಡುಗೆಮನೆಯಲ್ಲೇ. ನನ್ನದು ಸಾಮಾನು ಎತ್ತಿ ಇಳಿಸಿ ಗಡುಸಾದ ಕೈ; ನನಗೆ ಯಾವುದೂ ಭಾರವಲ್ಲ, ಯಾವುದೂ ಜಾರುವುದಿಲ್ಲ. ಮನೆ ನಡೆಸುವ ಹೆಂಗಸಿನ ಕೈಗೆ ಹೇಗೆ ಅನ್ನಿಸುತ್ತದೆ ಎಂಬುದು ಬೇಕಲ್ಲ. ಹಾಗಾಗಿ ಹೊಸದು ಏನು ಬಂದರೂ ಅಕ್ಕನ ಮನೆಗೆ ಕೊಟ್ಟು, ಅವಳು ಬಳಸಿ ಹೇಳಿದ್ದನ್ನೇ ಬರೆಯುವುದು ನನ್ನ ನಿಯಮ. ಆ ಬೇಸಿಗೆ ಉದ್ದ ಹಿಡಿಕೆಯ ಒಂದು ಚಹಾ ಪಾತ್ರೆ ಕೊಟ್ಟಿದ್ದೆ. ವಾರದ ನಂತರ ಅಕ್ಕ ಹೇಳಿದಳು:

"ಏನ ಭಾಂಡೆ ತಂದೀಯವಾ. ಹಿಡಿಕಿ ಜಾರತೈತಿ. ಎರಡ ಸಲ ಕೈ ಬಿಟ್ಟು ಚಾ ಎಲ್ಲಾ ಕಟ್ಟಿ ಮ್ಯಾಲ."

"ನಾ ಹಿಡದ ನೋಡೇನಿ ಅಕ್ಕ, ಚಲೋ ಐತಿ."

"ನಿಂದೇನ, ಇಕ್ಕಳ ಇದ್ದಂಗ ಐತಿ ಕೈ. ನಮ್ಮಂಥವರದ ಹೇಳು."

ನಕ್ಕೆವು. ನಿಯಮದಂತೆ ಅವಳ ಮಾತನ್ನೇ ಬರೆದೆ: ಹಿಡಿಕೆ ಜಾರುತ್ತದೆ, ಬಿಸಿ ಚಹಾ ಮೈಮೇಲೆ ಬೀಳುವ ಅಪಾಯವಿದೆ, ಕೊಳ್ಳಬೇಡಿ. ನಮ್ಮದೂ ಜಾರುತ್ತದೆ ಎಂದು ಕೆಳಗೆ ಇಬ್ಬರು ಬರೆದರು. ಅಂಗಡಿಯಲ್ಲಿ ಉಳಿದಿದ್ದ ಅದೇ ಪಾತ್ರೆಗಳನ್ನು ಸಗಟು ವ್ಯಾಪಾರಿಗೆ ವಾಪಸು ಕೊಟ್ಟೆ.

ಅದಾದ ಕೆಲವು ದಿನಕ್ಕೆ ಅಕ್ಕನಿಗೆ ಅಂಚೆಯಲ್ಲಿ ಒಂದು ಕಾದಂಬರಿ ಬಂತು. ಬರೆದವರು ಶಾಲೆಯ ಟೀಚರು, ಅವರ ಮೊದಲ ಪುಸ್ತಕ. ಬ್ಲಾಗ್ ನೋಡಿ ತಾವೇ ಕಳಿಸಿದ್ದರು. ಖಾನಾವಳಿ ನಡೆಸಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಯಾರಿಗೂ ಹೇಳದೆ ಹೋಗುವ ಕಥೆ. ಒಂದು ಶನಿವಾರ ಸಂಜೆ ಅಕ್ಕ ಫೋನ್ ಮಾಡಿ, "ಈ ಪುಸ್ತಕದ ಬಗ್ಗೆ ಭಾಳ ಹೇಳೋದೈತಿ. ನಾಳಿ ಮೊಬೈಲ್ ಪೂರ್ತಿ ಚಾರ್ಜ್ ಮಾಡಿ ಇಟ್ಟಿರು," ಎಂದಳು. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು.

ಆಸ್ಪತ್ರೆಯ ದಿನಗಳ ಬಗ್ಗೆ ಬರೆಯುವುದಿಲ್ಲ. ಕಂಡವರಿಗೆ ಗೊತ್ತು, ಕಾಣದವರಿಗೆ ಬೇಡ. ಮನೆಗೆ ಬಂದಾಗ ಬಲಗೈ ಮಡಿಲಲ್ಲಿ ಬೇರೆಯವರ ಸಾಮಾನಿನಂತೆ ಬಿದ್ದಿರುತ್ತಿತ್ತು. ಮಾತು ಅಂದರೆ ಒಂದೇ ಮಾತು, "ಹೌದಲ್ಲ." ನೀರು ಬೇಕಾ ಎಂದರೆ ಹೌದಲ್ಲ, ಬೇಡವಾ ಎಂದರೂ ಹೌದಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಮರಳಿ ಹೇಳಲು ಹೋದರೆ ತುಟಿ ಹುಡುಕಾಡಿ, ಹುಡುಕಾಡಿ, ಕೊನೆಗೆ ಅದೇ ಹೌದಲ್ಲ. ತಪ್ಪು ಬಂತೆಂದು ಅವಳಿಗೇ ಗೊತ್ತಾಗಿ ಎಡಗೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು.

ಮೊದಲ ವಾರವೇ ಅವಳು ದಿಂಬಿನ ಬಳಿ ಇದ್ದ ಆ ಕಾದಂಬರಿಯನ್ನು ಎಡಗೈಯಲ್ಲಿ ಎತ್ತಿ ನನ್ನ ಮಡಿಲಲ್ಲಿ ಇಟ್ಟಳು. ಮೊಬೈಲು ತೋರಿಸಿದಳು. ಬರಿ ಎಂದು ಹೇಳುತ್ತಿದ್ದಾಳೆಂದು ತಿಳಿಯಲು ಮಾತು ಬೇಕಿರಲಿಲ್ಲ.

ನನಗೆ ಬರುವ ಮೊದಲ ಉಪಾಯವೆಂದರೆ ಸಾಮಾನು ಕೊಳ್ಳುವುದು. ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್ ಇದೆಯೆಂದು ಕೇಳಿ ಟ್ಯಾಬ್ ತಂದೆ. ಅದರಲ್ಲಿ ಸೇಬು ಇತ್ತು, ಡಾಕ್ಟರು, ಪಾಯಖಾನೆ, ನೋವು ಇದ್ದವು. ಮುಟ್ಟಿದರೆ ಒಬ್ಬಳು ಹಿಂದಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಅಕ್ಕ ಎರಡು ದಿನ ಮುಟ್ಟಿದಳು. ಮೂರನೆಯ ದಿನ ಸೇಬನ್ನೇ ಮತ್ತೆ ಮತ್ತೆ ಮುಟ್ಟಿ ನನ್ನ ಮುಖ ನೋಡಿದಳು. ಹಿಂದಿಯವಳು ಸೇಬ್, ಸೇಬ್, ಸೇಬ್ ಎಂದಳು. ಅಕ್ಕನ ಅಣಕ ನನಗೆ ಅರ್ಥವಾಯಿತು. ಇಂಥ ಪುಸ್ತಕದ ಬಗ್ಗೆ ಹೇಳಲು ಆ ಡಬ್ಬಿಯಲ್ಲಿ ಏನೂ ಇರಲಿಲ್ಲ. ನೀರು, ಔಷಧ, ನೋವು ಹೇಳಿಕೊಳ್ಳಬೇಕಾದವರಿಗೆ ಅದು ಉಪಯೋಗದ್ದೇ, ನಮ್ಮ ಕೆಲಸಕ್ಕಲ್ಲ.

ಎರಡನೆಯ ಉಪಾಯ ಇನ್ನೂ ಕೆಟ್ಟದ್ದು. ಇಷ್ಟು ವರ್ಷ ಅವಳ ಮಾತು ಬರೆದುಕೊಂಡವಳು, ಅವಳ ಧಾಟಿ ನನಗೆ ಬರುವುದಿಲ್ಲವೇ? ಪುಸ್ತಕ ನಾನೇ ಓದಿ ಅವಳ ಹಾಗೆ ಎರಡು ಪುಟ ಬರೆದೆ. ತಾಯಿಯ ತ್ಯಾಗ, ಮೌನದ ದೊಡ್ಡತನ, ಮೂರು ಚಹಾ ಆರಿದವು ಎಂದೆಲ್ಲ. ಓದಿ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಹಾಸಿಗೆಯ ಮೇಲೆ ಬೋರಲು ಮಲಗಿಸಿ, ಗೋಡೆಯ ಕಡೆ ತಿರುಗಿದಳು. ಹೆಗಲು ಅಲುಗುತ್ತಿತ್ತು.

ಭಾವ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಬಾಗಿಲಲ್ಲಿ ನಿಂತು ಹೇಳಿದರು: "ಸಾಕ ಬಿಡವಾ. ಇದ್ದಷ್ಟರಾಗ ಇರ್ಲಿ ಆಕಿ. ಬ್ಲಾಗ್ ಏನ ಹೊಟ್ಟಿಗೆ ಅನ್ನ ಹಾಕತೈತೇನ?"

"ನನಗಲ್ಲ ಭಾವಾರ, ಆಕಿಗೆ ಬೇಕಾಗೈತಿ."

"ಆಕಿಗೇನ ಬೇಕಂತ ನಿನಗ ಗೊತ್ತಾದ್ರ ಆಕಿ ಯಾಕ ಅಳತಾಳ?"

ಅವರು ಮಾತು ಬಿಟ್ಟದ್ದು ಅಂದಿನಿಂದ.

ದಾರಿ ಸಿಕ್ಕಿದ್ದು ಸುಲ್ತಾನ್ ಬಜಾರಿನಲ್ಲಿ. ಅಕ್ಕನಿಗೆ ತಲೆಯ ಮೇಲಿಂದ ಹಾಕುವ ನೈಟಿ ಆಗುತ್ತಿರಲಿಲ್ಲ. ಮುಂದೆ ಪೂರ್ತಿ ತೆರೆಯುವ ಹತ್ತಿಯದು ಬೇಕಿತ್ತು. ಮನೆಯಿಂದ ಹೊರಗೆ ಕಾಲಿಡಲಿ ಎಂದು ಅವಳನ್ನೂ ಆಟೋದಲ್ಲಿ ಕರೆದೊಯ್ದೆ. ಅಂಗಡಿಯವನು ಪರಿಚಯದವನೇ. ಬೆಲೆ ಹೇಳಿದ. ನಾನು ರೂಢಿಯಂತೆ ಅದರ ಕಾಲು ಭಾಗ ಹೇಳಿದೆ.

"ಅಮ್ಮಾ, ಹಂಗ್ ನಕ್ಕೋ, ಹಂಗ್ ಬೇಡ. ಬಟ್ಟೆ ಬೆಲೆನೂ ಬರಲ್ಲ," ಎಂದು ಅವನು ನಮ್ಮ ಕನ್ನಡ, ತನ್ನ ದಖನಿ ಉರ್ದು ಎರಡನ್ನೂ ಬೆರೆಸಿ ಗೋಳಾಡಿದ.

"ಬಟ್ಟಿ ಎಲ್ಲೈತಿ ಇದರಾಗ? ಜಾಳಗಿ ಇದ್ದಂಗೈತಿ. ತಗೋ, ಕೊಟ್ಟಷ್ಟ ತಗೋ."

ಅಕ್ಕನಿಗೆ ನನ್ನ ಚೌಕಾಸಿ ಎಂದರೆ ಮೊದಲಿನಿಂದಲೂ ಮೈ ಪರಚಿಕೊಳ್ಳುವಷ್ಟು ಸಿಟ್ಟು. ಪ್ರತಿ ವರ್ಷ ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿನಲ್ಲಿ ತರಕಾರಿ ಹೆಚ್ಚುವ ಮಣೆ ಮಾರುವವರ ಜೊತೆ ನಾನು ಜಗ್ಗಾಡುವಾಗ ಅವಳು ದೂರ ಹೋಗಿ ನಿಂತು, ನನ್ನ ಗುರುತೇ ಇಲ್ಲದವಳಂತೆ ಹಲೀಮಿನ ಅಂಗಡಿ ನೋಡುತ್ತಿದ್ದಳು. ಈಗ ಸ್ಟೂಲಿನ ಮೇಲೆ ಕೂತವಳು ದೂರ ಹೋಗುವಂತಿರಲಿಲ್ಲ. ಎಡಗೈ ಎತ್ತಿ ನನ್ನ ತೋಳಿಗೆ ಹೊಡೆದು ಹೇಳಿದಳು:

"ಛೀ. ಪಾಪ. ಕೊಡು."

ಮೂರು ಪದ. ಮೂರೂ ಅವಳಿಗೆ ಬೇಕಾದ ಪದಗಳೇ. ನಾನು ಅಂಗಡಿಯವನು ಹೇಳಿದಷ್ಟು ಕೊಟ್ಟೆ. ಜೀವಮಾನದಲ್ಲಿ ಮೊದಲ ಸಲ. ಅವನು ಗಾಬರಿಯಾಗಿ ನೋಟನ್ನು ಬೆಳಕಿಗೆ ಹಿಡಿದು ನೋಡಿದ.

ಆಟೋದಲ್ಲಿ ಯೋಚಿಸಿದೆ. ನಾನು ಇಷ್ಟು ದಿನ ಅವಳಿಗೆ ನೇರವಾಗಿ ಬೆಲೆ ಕೇಳುತ್ತಿದ್ದೆ: ಪುಸ್ತಕ ಹೇಗಿದೆ, ಏನನ್ನಿಸಿತು. ಹಾಗೆ ಕೇಳಿದರೆ ಯಾವ ಅಂಗಡಿಯವನೂ ಖರೇ ಬೆಲೆ ಹೇಳುವುದಿಲ್ಲ. ನಾವೇ ಒಂದು ತಪ್ಪು ಬೆಲೆ ಮುಂದಿಡಬೇಕು. ಆಗ ಅವನೊಳಗಿನದು ತಡೆಯಲಾರದೆ ಹೊರಗೆ ಬರುತ್ತದೆ. ಅಕ್ಕನೊಂದಿಗೆ ಚೌಕಾಸಿ ಮಾಡಬೇಕು ಎಂದು ನಿರ್ಧರಿಸಿದೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು, ತೆಲುಗಿನವರು, ಚಿಕ್ಕ ವಯಸ್ಸು. ಅವರಿಗೆ ಕೇಳಿದೆ. ಆಗಬಹುದು ಎಂದರು, ಆದರೆ ನಾಲ್ಕು ಮಾತು ಎಚ್ಚರಿಸಿದರು. ಬೆಳಿಗ್ಗೆ ಮೈ ಹಗುರ ಇರುವಾಗ ಮಾತ್ರ. ಟಿವಿ ಆರಿಸಬೇಕು. ಪದ ಅರ್ಧ ಬಂದಾಗ ನಾವು ಪೂರ್ತಿ ಮಾಡಬಾರದು, ಕಾಯಬೇಕು. ಸಿಟ್ಟು ಬಂದರೆ ಸರಿ, ಅಳು ಬಂದರೆ ನಿಲ್ಲಿಸಬೇಕು. "ಮೀರು ಚಾಲಾ ಫಾಸ್ಟ್, ಅಮ್ಮಾ," ಎಂದು ನನ್ನನ್ನೇ ಗದರಿಸಿದರು. ಬಹಳ ಅವಸರ ನನ್ನದು ಎಂದು. ಕಾಯುವುದೇ ಕಷ್ಟದ ಕೆಲಸವಾಗಿತ್ತು. ವ್ಯಾಪಾರದಲ್ಲಿ ಸುಮ್ಮನಿರುವವನು ಗೆಲ್ಲುತ್ತಾನೆಂದು ನನಗೆ ಗೊತ್ತು. ಅಕ್ಕನ ತುಟಿ ನಡುಗುವಾಗ ಸುಮ್ಮನಿರುವುದು ಬೇರೆ.

ಭಾನುವಾರ ಅಂಗಡಿ ತೆರೆಯದೆ ಅವಳ ಮನೆಗೆ ಹೋಗುತ್ತಿದ್ದೆ. ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು, ಪುಸ್ತಕದ ಒಂದು ಭಾಗ ಗಟ್ಟಿಯಾಗಿ ಓದುತ್ತಿದ್ದೆ. ಆಮೇಲೆ ಒಂದು ಅಡ್ಡಾದಿಡ್ಡಿ ಅಭಿಪ್ರಾಯ ಎಸೆಯುತ್ತಿದ್ದೆ.

"ಈ ಖಾನಾವಳಿ ವರ್ಣನೆ ಎಲ್ಲಾ ಸುಳ್ಳು. ಈ ಟೀಚರಬಾಯಿ ಒಲಿ ಮುಂದ ಕೂತಂಗ ಕಾಣೂದಿಲ್ಲ."

ಅಕ್ಕನ ಹುಬ್ಬು ಗಂಟಾಯಿತು. ತುಟಿ ಹುಡುಕಿತು. ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿ ಹೋದ, ಮುಂದಿನ ತಿರುವಿನಲ್ಲೂ ಕೂಗಿದ.

"ಅಡ... ಅಡಗಿ. ಖರೇ."

ನಾನು ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸೇರಿಸಿದಳು: "ಹೊಗಿ. ಖರೇ."

ಇನ್ನೊಂದು ಭಾನುವಾರ, "ಭಾಳ ಅಳೂ ಪುಸ್ತಕ ಬಿಡು," ಎಂದೆ. ಅವಳು ತಲೆ ಅಲ್ಲಾಡಿಸಿ, ಎಡಗೈಯಿಂದ ಪುಟ ತಿರುವಿ, ಖಾನಾವಳಿಯಲ್ಲಿ ಉಣ್ಣುವವನೊಬ್ಬ ಚಟ್ನಿಗೆ ಖಾರ ಹೆಚ್ಚಾಗಿ ಕುಣಿಯುವ ಜಾಗ ತೋರಿಸಿದಳು. "ನಗು... ಬಂತು." ಹೇಳುತ್ತಲೇ ನಕ್ಕಳು, ಬಾಯಿ ಒಂದು ಪಕ್ಕಕ್ಕೆ ಸೊಟ್ಟಗೆ ಹೋಯಿತು. ಒಳಗಿನಿಂದ ಭಾವ ಇಣುಕಿ ನೋಡಿದರು. ಹಾಗೇ ಒಳಗೆ ಹೋಗಿ, ಮೂರು ಜನಕ್ಕೆ ಚಹಾ ಮಾಡಿ ತಂದರು. ಅದು ಅವರ ರಾಜಿ.

ಎಲ್ಲ ಭಾನುವಾರವೂ ಪದ ಬರಲಿಲ್ಲ. ಕೆಲವು ಸಲ ಬೆಳಿಗ್ಗೆಯೆಲ್ಲ ಕೂತು ಹೌದಲ್ಲ ಒಂದೇ ಸಿಕ್ಕಿತು. ಒಮ್ಮೆ ನಾನು ತಡೆಯಲಾರದೆ ಅವಳ ಪದ ಪೂರ್ತಿ ಮಾಡಿದೆ. ಅವಳು ಬಾಯಿ ಮುಚ್ಚಿ ಆ ದಿನ ಮತ್ತೆ ತೆರೆಯಲಿಲ್ಲ. ಮಿಕ್ಸರ್ ಕಂಪನಿಯವರು ಫೋನ್ ಮಾಡಿದ್ದು ಆಗಲೇ. ಪರೀಕ್ಷೆ ಬೇಡ ಮೇಡಂ, ಬರೆದರೆ ಸಾಕು ಎಂದರು. ಪರೀಕ್ಷೆ ಮಾಡುವವರಿಗೆ ಹುಷಾರಿಲ್ಲ ಎಂದು ಇಟ್ಟುಬಿಟ್ಟೆ.

ಕೊನೆಯ ಅಧ್ಯಾಯಕ್ಕೆ ಬಂದಾಗ ದಸರೆ ಹತ್ತಿರವಿತ್ತು. ತಾಯಿ ಸಾಯುತ್ತಾಳೆ, ಹೆಣ್ಣುಮಕ್ಕಳಿಗೆ ಆಮೇಲೆ ಗೊತ್ತಾಗುತ್ತದೆ, ಎಲ್ಲರೂ ಅವಳ ದೊಡ್ಡತನವನ್ನು ಹೊಗಳುತ್ತಾರೆ. ಓದಿ ಮುಗಿಸಿದ ಕೂಡಲೇ ಅಕ್ಕ, ನಾನು ಏನೂ ಎಸೆಯುವ ಮೊದಲೇ, "ಅವಸರ," ಎಂದಳು. ಪುಸ್ತಕದ ತುದಿಯ ತೆಳ್ಳನೆಯ ಪುಟಗಳನ್ನು ಚಿವುಟಿ ತೋರಿಸಿದಳು. "ಕೊನಿಗೆ. ಅವಸರ."

ನಾನು ನನ್ನ ತಪ್ಪು ಬೆಲೆ ಹೇಳಿದೆ. "ಆದ್ರ ಅಮ್ಮ ದೊಡ್ಡಾಕಿ ಬಿಡು. ಯಾರಿಗೂ ತ್ರಾಸ ಕೊಡಲಿಲ್ಲ. ಬಾಯಿ ಮುಚ್ಕೊಂಡ ಹೋದ್ಲು."

"ಅಲ್ಲ."

ಕಾದೆ.

"ಅಮ್ಮ... ದೊಡ್ಡಾಕಿ ಅಲ್ಲ." ಇಷ್ಟು ಉದ್ದದ ಮಾತು ಲಕ್ವಾ ಆದಮೇಲೆ ಬಂದಿರಲಿಲ್ಲ. ಅವಳ ಕಣ್ಣು ನನ್ನ ಮೇಲಿರಲಿಲ್ಲ. ಚಹಾ ಹಿಡಿದು ಬಾಗಿಲಲ್ಲಿ ನಿಂತ ಭಾವನ ಮೇಲಿತ್ತು. "ಹೇಳ... ಹೇಳಬೇಕಿತ್ತು."

ಆಮೇಲೆ ಎಡಗೈಯಿಂದ ತನ್ನ ಬಲಗೈಯನ್ನು ಮಡಿಲಿನಿಂದ ಎತ್ತಿದಳು, ಮಗುವನ್ನು ಎತ್ತಿದಂತೆ. ಭಾವನ ಕೈಯಲ್ಲಿದ್ದ ಚಹಾದ ಕಡೆಗೆ ಅದನ್ನು ತೋರಿಸಿ, ಬಿಟ್ಟಳು. ಕೈ ಮಡಿಲಿಗೆ ಬಿತ್ತು. ಮತ್ತೆ ಎತ್ತಿ, ಮತ್ತೆ ಬಿಟ್ಟಳು.

"ನಾ... ನೂ," ಎಂದಳು.

ಮೊದಲು ತಿಳಿದದ್ದು ಭಾವನಿಗೆ. "ಆ ಭಾಂಡೆ," ಎಂದರು ನನಗೆ. "ಜಾರಿದ್ದು ಭಾಂಡೆ ಅಲ್ಲ ನೋಡು. ಕೈ ಜುಮ್ಮ ಅಂತಿತ್ತಂತ ಕಾಣತೈತಿ. ಅಲ್ಲೇನ?" ಎಂದು ಅವಳನ್ನು ಕೇಳಿದರು. ಅಕ್ಕ ಹೌದಲ್ಲ ಎನ್ನಲಿಲ್ಲ. ಬರೀ ತಲೆ ಆಡಿಸಿದಳು.

ಸಾಮಾನು ಪರೀಕ್ಷಿಸುವ ಮನೆಗಳಲ್ಲಿ ಮಾತ್ರ ಆಗುವ ತಪ್ಪು ಇದು. ಬೇರೆ ಯಾರ ಮನೆಯಲ್ಲಾದರೂ ಎರಡು ಸಲ ಪಾತ್ರೆ ಕೈಬಿಟ್ಟರೆ, ಏನಾಯಿತು ನಿನಗೆ ಎಂದು ಕೇಳುತ್ತಿದ್ದರೇನೋ. ನಮ್ಮಲ್ಲಿ ಹಿಡಿಕೆಗೇನಾಯಿತು ಎಂದು ಕೇಳಿದೆವು. ಅವಳಿಗೂ ಮೊದಲು ಹಾಗೆಯೇ ಅನ್ನಿಸಿರಬೇಕು. ನಾನು ಬರೆದು ಹಾಕಿದ ಮೇಲೆ, ಅದು ತನ್ನ ಕೈಯೆಂದು ಗೊತ್ತಾದಾಗ, ಈಗ ಹೇಳಿದರೆ ತಂಗಿಯ ಬರಹ ಸುಳ್ಳಾಗುತ್ತದೆ, ಗಂಡನಿಗೆ ಚಿಂತೆ ಎಂದುಕೊಂಡಳೋ ಏನೋ. ಆ ಶನಿವಾರ ಫೋನಿನಲ್ಲಿ 'ಭಾಳ ಹೇಳೋದೈತಿ' ಎಂದದ್ದು ಪುಸ್ತಕದ ಬಗ್ಗೆ ಮಾತ್ರವೋ, ಇದೂ ಸೇರಿತ್ತೋ, ನಾನು ಕೇಳಲಿಲ್ಲ. ಕೇಳಿ ಪದ ಬರದಿದ್ದರೆ ಅವಳಿಗೆ ನೋವು, ಬಂದರೆ ನಮಗೆ.

ಭಾವ ಚಹಾವನ್ನು ಸ್ಟೂಲಿನ ಮೇಲಿಟ್ಟು, ಅವಳ ಬಲಗೈ ಹಿಡಿದುಕೊಂಡು ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ಬಹಳ ಹೊತ್ತಾದ ಮೇಲೆ, ಕೆಲಸ ಮುಗಿಸಲೇಬೇಕಲ್ಲ, ಕೇಳಿದೆ: "ಅಕ್ಕ, ಎಷ್ಟ ಚಾ ಆರಿದವು?"

ಅವಳು ಮುಂದಿನ ಸ್ಟೂಲಿನ ಮೇಲೆ ಕೆನೆಗಟ್ಟಿದ ಲೋಟವನ್ನು ಎಡಗೈಯಿಂದ ಮುಟ್ಟಿ ನೋಡಿದಳು. "ಒಂದು. ಚಾ... ಆರಿತು," ಎಂದಳು.

ಆ ವಾರ ಎರಡು ಕೆಲಸ ಮಾಡಿದೆ. ಅವಳ ಪದಗಳನ್ನು ಹೇಗೆ ಬಂದವೋ ಹಾಗೇ ಹಾಕಿದೆ. ನನ್ನದೊಂದು ಅಕ್ಷರ ಸೇರಿಸಲಿಲ್ಲ, ಸಾಲು ಜೋಡಿಸಿದ್ದಷ್ಟೇ ನನ್ನ ಕೆಲಸ:

ಅಮ್ಮ ದೊಡ್ಡಾಕಿ ಅಲ್ಲ.
ಅಡಗಿ ಖರೇ. ಹೊಗಿ ಖರೇ.
ನಗು ಬಂತು.
ಕೊನಿಗೆ ಅವಸರ.
ಹೇಳಬೇಕಿತ್ತು.
ಒಂದು ಚಾ ಆರಿತು.

ಹಾಕುವ ಮೊದಲು ಓದಿ ಹೇಳಿದೆ. ಈ ಸಲ ಮೊಬೈಲನ್ನು ಬೋರಲು ಹಾಕಲಿಲ್ಲ. ತೆಗೆದುಕೊಂಡು ತಾನೇ ನೋಡಿ, ಹೆಬ್ಬೆರಳಿನಿಂದ ಮೇಲೆ ಕೆಳಗೆ ಸರಿಸಿ, ನನಗೆ ವಾಪಸು ಕೊಟ್ಟಳು. ಎರಡನೆಯದು, ಹಳೆಯ ಚಹಾ ಪಾತ್ರೆಯ ವಿಮರ್ಶೆಯ ಮೇಲ್ಗಡೆ ತಿದ್ದುಪಡಿ: ಈ ಪಾತ್ರೆಯ ಹಿಡಿಕೆ ಚೆನ್ನಾಗಿದೆ, ದೋಷ ನಮ್ಮ ಪರೀಕ್ಷೆಯದು. ನಮ್ಮದೂ ಜಾರುತ್ತದೆ ಎಂದಿದ್ದ ಆ ಇಬ್ಬರಿಗೂ ನನ್ನ ಬರಹ ಓದಿಯೇ ಹಾಗನ್ನಿಸಿರಬೇಕು. ಕಾರಣ ಆಗ ಬರೆಯಲಿಲ್ಲ. ದುಡ್ಡು ತಿಂದು ಮಾತು ಬದಲಿಸಿದ್ದೀರಿ ಎಂದು ಕೆಲವು ಓದುಗರು ಬೈದರು. ಬೈಸಿಕೊಂಡೆ.

ಲೇಖಕಿ ಫೋನ್ ಮಾಡಿದರು. ಆರು ಸಾಲು ನೋಡಿ ಮೊದಲು ಅವಮಾನವೆನ್ನಿಸಿತು, ಆಮೇಲೆ ಕೊನೆಯ ಅಧ್ಯಾಯ ತೆಗೆದು ಓದಿದೆ, ಅಕ್ಕಾರು ಹೇಳಿದ್ದು ಸರಿ ಎಂದರು. ಸ್ಪೀಕರಿಗೆ ಹಾಕಿ ಅಕ್ಕನ ಕಿವಿಗೆ ಹಿಡಿದೆ. ಅಕ್ಕ ಎಲ್ಲ ಕೇಳಿ, ತುಂಬಾ ಹೊತ್ತು ಹುಡುಕಿ, "ಇನ್ನೊಂದು," ಎಂದಳು. ಇನ್ನೊಂದು ಪುಸ್ತಕ ಬರೆಯಿರಿ ಎಂದು ನಾನು ಬಿಡಿಸಿ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವರಿಗೆ ತಿಳಿದಿತ್ತು.

ದೀಪಾವಳಿ ಕಳೆದು ಚಳಿ ಬೀಳುವಾಗ ಎರಡನೆಯ ಸಲ ಲಕ್ವಾ ಹೊಡೆಯಿತು. ಈ ಸಲ ಅಕ್ಕ ಮನೆಗೆ ಬರಲಿಲ್ಲ. ಆ ಚಹಾ ಪಾತ್ರೆ ಈಗಲೂ ಭಾವನ ಅಡುಗೆಮನೆಯಲ್ಲಿದೆ. ಹೊಸದು ತಂದುಕೊಡುತ್ತೇನೆ ಎಂದೆ. "ಇದಕ್ಕೇನಾಗೈತಿ? ಚಲೋ ಐತಲ್ಲ," ಎಂದರು. ತಿದ್ದುಪಡಿಯ ಕಾರಣ ಬರೆದುಬಿಡು, ನಾಲ್ಕು ಮಂದಿಗೆ ಉಪಯೋಗವಾಗಲಿ ಎಂದವರೂ ಅವರೇ.

ಅದಕ್ಕೇ ಇದು. ನಿಮಗೆ ಹೇಳಬೇಕಾದ್ದು ಇಷ್ಟು. ಮಾತು ಕಳೆದುಕೊಂಡವರು ಮನೆಯಲ್ಲಿದ್ದರೆ ದುಬಾರಿ ಯಂತ್ರಕ್ಕೆ ಓಡುವ ಮೊದಲು ಮಾತು ಕಲಿಸುವವರನ್ನು ಕಂಡು, ನಿಮಗೆ ಬೇಕಾದ್ದು ಯಾವುದೆಂದು ಕೇಳಿ. ಯಂತ್ರ ಕೊಳ್ಳಲೇಬೇಕಾದರೆ ವಾಪಸು ಕೊಡುವ ಷರತ್ತು ಬಾಯಿಯಲ್ಲಲ್ಲ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅವರ ಪದ ನೀವು ಪೂರ್ತಿ ಮಾಡಬೇಡಿ. ಒಂದು ತಪ್ಪು ಮಾತು ಮುಂದಿಟ್ಟು, ಬಾಯಿ ಮುಚ್ಚಿ ಕೂತಿರಿ. ನನ್ನಂಥವಳಿಗೇ ಸಾಧ್ಯವಾಯಿತೆಂದರೆ ನಿಮಗೂ ಆಗುತ್ತದೆ.

ಇನ್ನು ಮನೆಯಲ್ಲಿ ಯಾರ ಕೈಯಿಂದಲಾದರೂ ಪಾತ್ರೆ, ಲೋಟ, ಸೌಟು ಜಾರಿ ಬಿತ್ತೆಂದರೆ, ಸಾಮಾನಿನ ಗುಣ ಆಮೇಲೆ ನೋಡಿ. ಅವರನ್ನು ಎದುರಿಗೆ ಕೂರಿಸಿ ಅವರ ಎರಡೂ ಕೈಗೆ ನಿಮ್ಮ ಕೈ ಕೊಟ್ಟು, ಗಟ್ಟಿಯಾಗಿ ಹಿಡಿ ಎನ್ನಿ. ನಗಿಸಿ, ಬಾಯಿ ಸೊಟ್ಟಗಾಗುತ್ತದೆಯೇ ನೋಡಿ. ಜುಮ್ಮೆಂದು ಬಂದು ಹೋಯಿತು, ಈಗ ಸರಿಯಾಗಿದೆ ಎಂದರೂ ನಂಬಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರು ನೋಡಿ ಏನೂ ಇಲ್ಲ ಎಂದರೆ, ಆಮೇಲೆ ಮನೆಗೆ ಬಂದು ಪಾತ್ರೆಯನ್ನು ಬೈಯಿರಿ.